ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (19 ಮಾರ್ಚ್ 1876 – 4 ಜುಲೈ 1955) ಧಾರವಾಡದಲ್ಲಿ ಜನಿಸಿದ ಭಾರತೀಯ ಕ್ರಿಕೆಟ್ ಆಟಗಾರರು ಹಾಗೂ ರಾಜಕಾರಣಿ. ಎಡಗೈ ಸ್ಪಿನ್ ಬೌಲರ್ ಆಗಿದ್ದ ಇವರು ದಲಿತ ಸಮುದಾಯದಿಂದ ಬಂದು ಕ್ರಿಕೆಟ್‌ನಲ್ಲಿ ದೇಶದಾದ್ಯಂತ ಹೆಸರಾದ ಮೊದಲಿಗರೆಂದು ಪರಿಗಣಿತರಾಗಿದ್ದಾರೆ.

ಆರಂಭಿಕ ಜೀವನ

ಬಾಲೂ ಅವರು ಚಮ್ಮಾರ ಜಾತಿಯ ಕುಟುಂಬದಲ್ಲಿ ಜನಿಸಿದರು. ತಂದೆ ಸೇನೆಯ ನೌಕರಿಯಲ್ಲಿದ್ದ ಕಾರಣ ಬಾಲ್ಯ ಪುಣೆಯಲ್ಲಿ ಕಳೆಯಿತು. ಅಲ್ಲಿ ಪಾರ್ಸಿಗಳ ಕ್ರಿಕೆಟ್ ಮೈದಾನದಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸುವ ಕೆಲಸ ಮಾಡಿದರು. ಬಳಿಕ ಯುರೋಪಿಯನ್ನರ ಪೂನಾ ಕ್ಲಬ್ ಸೇರಿ, ಜೆ. ಜಿ. ಗ್ರೆಗ್ ಮೊದಲಾದ ಬ್ಯಾಟ್ಸ್‌ಮನ್‌ಗಳ ಅಭ್ಯಾಸಕ್ಕೆ ಬೌಲಿಂಗ್ ಮಾಡುತ್ತಾ ತಮ್ಮ ಕಲೆಯನ್ನು ರೂಢಿಸಿಕೊಂಡರು.

ಕ್ರಿಕೆಟ್ ಜೀವನ

ಪುಣೆಯ ಹಿಂದೂ ತಂಡವು ಗೆಲುವಿಗಾಗಿ ಬಾಲೂ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರೂ, ವಿರಾಮದಲ್ಲಿ ಅವರಿಗೆ ಪೆವಿಲಿಯನ್‌ನ ಹೊರಗೆ ಮಣ್ಣಿನ ಲೋಟದಲ್ಲಿ ಚಹಾ ಕೊಡಲಾಗುತ್ತಿತ್ತು. 1896ರಲ್ಲಿ ಅವರು ಮುಂಬಯಿಗೆ ತೆರಳಿ ಹಿಂದೂ ಜಿಮ್ಖಾನಾ ಪರವಾಗಿ ಆಡತೊಡಗಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದ ಪಂದ್ಯದಲ್ಲಿ ಬಾಲೂ ಮತ್ತು ಅವರ ತಮ್ಮ ಶಿವರಾಮ್ ಇಬ್ಬರೂ ಆಡಿದ್ದರು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದ ಅಖಿಲ ಭಾರತ ತಂಡದೊಂದಿಗೆ ಇಂಗ್ಲೆಂಡ್ ಪ್ರವಾಸ ಕೈಗೊಂಡು ಒಟ್ಟು 114 ವಿಕೆಟ್‌ಗಳನ್ನು ಪಡೆದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್‌ಗಳು ಅವರ ಹೆಸರಿನಲ್ಲಿವೆ. ಇಷ್ಟಾದರೂ ಜಾತಿಯ ಕಾರಣದಿಂದ ಅವರಿಗೆ ಹಿಂದೂ ತಂಡದ ನಾಯಕ ಸ್ಥಾನ ದೊರೆಯಲಿಲ್ಲ. 1923ರಲ್ಲಿ ಆ ಗೌರವ ಅವರ ತಮ್ಮ ವಿಠ್ಠಲ್ ಅವರಿಗೆ ಸಂದಿತು.

ರಾಜಕೀಯ ಜೀವನ

ಬಿ. ಆರ್. ಅಂಬೇಡ್ಕರ್ ಅವರು ಯುವಕರಾಗಿದ್ದಾಗ ಬಾಲೂ ಅವರ ಅಭಿಮಾನಿಯಾಗಿದ್ದರು. ಮುಂದೆ ಇಬ್ಬರ ದಾರಿಗಳು ಬೇರೆಯಾದವು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬುದು ಅಂಬೇಡ್ಕರ್ ಅವರ ನಿಲುವಾಗಿತ್ತು. ಬಾಲೂ ಅದನ್ನು ವಿರೋಧಿಸಿದರು. ಗಾಂಧೀಜಿಯವರ ಉಪವಾಸದ ನಂತರ, ಜಂಟಿ ಮತಕ್ಷೇತ್ರದಲ್ಲಿ ಮೀಸಲು ಸ್ಥಾನಗಳನ್ನು ನೀಡುವ ಪೂನಾ ಒಪ್ಪಂದವು 24 ಸೆಪ್ಟೆಂಬರ್ 1932ರಂದು ಏರ್ಪಟ್ಟಿತು. ಅದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು.

1933ರಲ್ಲಿ ಹಿಂದೂ ಮಹಾಸಭಾದ ಅಭ್ಯರ್ಥಿಯಾಗಿ ಮುಂಬಯಿ ನಗರಪಾಲಿಕೆ ಚುನಾವಣೆಗೆ ಸ್ಪರ್ಧಿಸಿ ಸೋತರು. 1937ರಲ್ಲಿ ಮುಂಬಯಿ ಶಾಸನಸಭೆಯ ಮೀಸಲು ಸ್ಥಾನಕ್ಕೆ ಅಂಬೇಡ್ಕರ್ ವಿರುದ್ಧ ಕಾಂಗ್ರೆಸ್ ಪಕ್ಷವು ಬಾಲೂ ಅವರನ್ನೇ ನಿಲ್ಲಿಸಿತು. ಅಂಬೇಡ್ಕರ್ 13,245 ಮತಗಳನ್ನು ಪಡೆದು ಗೆದ್ದರೆ, ಬಾಲೂ 11,225 ಮತಗಳನ್ನು ಗಳಿಸಿದರು.

ನಿಧನ

ಬಾಲೂ ಅವರು 4 ಜುಲೈ 1955ರಂದು ಮುಂಬಯಿಯಲ್ಲಿ ನಿಧನರಾದರು.