ಭಾಸ್ಕರಾಚಾರ್ಯರ ‘ಯಾ’, ನಮ್ಮ ವೇರಿಯೇಬಲ್

ಎಂಐಆರ್‌ಸಿ ಅನ್ನೋ ಹಳೇ ಚಾಟ್ ಸಾಫ್ಟ್‌ವೇರ್‌ಗೆ ಸ್ಕ್ರಿಪ್ಟ್ ಬರೆಯುವಾಗ ನಾವು ‘ವರ್’ ಹಾಕೋ ಕಡೆ ‘ಸೆಟ್’ ಹಾಕಿದ್ವಿ. ‘ವರ್’ ಅಂದ್ರೆ ಲೋಕಲ್, ಆ ಕೆಲಸ ಮುಗಿದ ಕೂಡಲೇ ಅಳಿದುಹೋಗುತ್ತೆ. ‘ಸೆಟ್’ ಗ್ಲೋಬಲ್, ಹಾಗೇ ಉಳಿಯುತ್ತೆ. ಹಿಂದಿನ ಲೆಕ್ಕದ ಬೆಲೆ ಮುಂದಿನ ಲೆಕ್ಕದೊಳಗೆ ಬಂದು ಕೂತು ಉತ್ತರವೆಲ್ಲ ತಪ್ಪಾಯ್ತು. ಆಗ ನೆನಪಾದವರು ಭಾಸ್ಕರಾಚಾರ್ಯರು.

ಅವರು ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. 36ನೇ ವಯಸ್ಸಿನಲ್ಲಿ, 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಬರೆದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಅಂತ ಅದರಲ್ಲಿ ನಾಲ್ಕು ಭಾಗ. 1183ರಲ್ಲಿ, ಸುಮಾರು ಎಪ್ಪತ್ತರ ವಯಸ್ಸಿಗೆ, ‘ಕರಣಕುತೂಹಲ’ ಬರೆದರು.

ಗೊತ್ತಿಲ್ಲದ ಸಂಖ್ಯೆಗೆ ಬೀಜಗಣಿತದಲ್ಲಿ ಯಾವತ್-ತಾವತ್ ಅಂತ ಹೆಸರು. ಅಂದ್ರೆ ಎಷ್ಟೋ ಅಷ್ಟು. ಇನ್ನೂ ಬೇಕಾದರೆ ಕಾಲಕ, ನೀಲಕ, ಪೀತಕ, ಲೋಹಿತಕ: ಕಪ್ಪು, ನೀಲಿ, ಹಳದಿ, ಕೆಂಪು. ಬಣ್ಣದ ಹೆಸರಿಡೋ ಪದ್ಧತಿ ಬ್ರಹ್ಮಗುಪ್ತರ ಕಾಲದಿಂದಲೂ ಇತ್ತು. ಬರೆಯೋಕೆ ಮೊದಲ ಅಕ್ಷರ ಸಾಕು: ಯಾ, ಕಾ, ನೀ. ಗೊತ್ತಿರುವ ಸಂಖ್ಯೆಗೆ ‘ರೂ’.

ಅವರದೇ ಒಂದು ಲೆಕ್ಕ ನೋಡಿ. ಒಬ್ಬನ ಹತ್ತಿರ 6 ಕುದುರೆ, 300 ನಾಣ್ಯ. ಇನ್ನೊಬ್ಬನ ಹತ್ತಿರ 10 ಕುದುರೆ, ಆದರೆ 100 ನಾಣ್ಯ ಸಾಲ. ಇಬ್ಬರ ಆಸ್ತಿ ಸಮ. ಒಂದು ಕಡೆ ‘ಯಾ 6 ರೂ 300’, ಇನ್ನೊಂದು ಕಡೆ ‘ಯಾ 10 ರೂ 100’. ಸಾಲದ 100ರ ಮೇಲೆ ಒಂದು ಚುಕ್ಕೆ. ಕುದುರೆಯ ಬೆಲೆ 100. ಲೆಕ್ಕ ಮುಗೀತು, ‘ಯಾ’ ಖಾಲಿ. ಬೇರೊಂದು ಲೆಕ್ಕದಲ್ಲಿ ರತ್ನದ ಬೆಲೆ ಹುಡುಕೋಕೆ ಮತ್ತೆ ಅದೇ ‘ಯಾ’. ನಾವು ತಪ್ಪಿದ್ದು ಇಲ್ಲೇ.

ಇನ್ನೊಂದು ಕಡೆಯೂ ತಪ್ಪಿದ್ದೆವು. ನಾವು ನಾಲತವಾಡದ ಕಡೆಯವರು. ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಅಂತ ಕೇಳಿಕೊಂಡೇ ಬೆಳೆದವರು, ಕ್ಲಬ್ಬಿನ ಪೋಸ್ಟರ್‌ನಲ್ಲೂ ಹಾಗೇ ಬರೆದಿದ್ವಿ. ಅವರು ಹೇಳಿಕೊಂಡಿರುವ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ. ಅದು ವಿಜಯಪುರವೇ ಅಂತ ಕೆಲವರು ಹೇಳ್ತಾರೆ. ಆದರೆ ನಾಲತವಾಡದಿಂದ ವಿಜಯಪುರದವರೆಗೆ ಬಸ್ಸಿನಲ್ಲಿ ಹೋದರೂ ಸಹ್ಯಾದ್ರಿ ಕಾಣಲ್ಲ. ಮಹಾರಾಷ್ಟ್ರದ ಚಾಳೀಸ್‌ಗಾಂವ್ ಹತ್ತಿರದ ಪಾಟಣದಲ್ಲಿ ಅವರ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥ ಓದಿಸೋಕೆ ಮಠ ಕಟ್ಟಿಸಿದ. ಅಲ್ಲಿ 1207ರ ಶಾಸನ ಇದೆ. ಹಾಗಾಗಿ ಆ ಕಡೆಯವರು ಅಂತ ಹೇಳೋ ವಿದ್ವಾಂಸರೂ ಇದ್ದಾರೆ.

ಒಪ್ಪಿಕೊಳ್ಳೋಕೆ ನಮಗೆ ಬೇಜಾರೇ ಆಯ್ತು. ಸ್ಕ್ರಿಪ್ಟ್ ಕೂಡ ಒಂದು ಹೆಸರನ್ನ ಮೊದಲು ಲೋಕಲ್ ಆಗಿ ಹುಡುಕುತ್ತೆ, ಆಮೇಲೆ ಗ್ಲೋಬಲ್. ನಾವು ಲೋಕಲ್‌ನಲ್ಲೇ ನಿಂತುಬಿಟ್ಟಿದ್ವಿ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಲೀಲಾವತಿಯನ್ನ ಪರ್ಷಿಯನ್‌ಗೆ ತಂದಾಗ ಈ ಊರಿನ ಜಗಳ ಅಡ್ಡ ಬರಲಿಲ್ಲ. ಪೋಸ್ಟರ್‌ನಲ್ಲಿ ಈಗ ಎರಡೂ ಊರಿನ ಹೆಸರು ಬರೆದಿದ್ದೀವಿ.