ಮೈನಸ್ ಲೆಕ್ಕದ ಮಹಾವೀರಾಚಾರ್ಯರು

ಗೆಳೆಯರೇ, ಮೈನಸ್ ಲೆಕ್ಕ ಬಂತು ಅಂದ್ರೆ ಸಾಕು, ನಮ್ಮಲ್ಲಿ ಎಷ್ಟೋ ಜನ ಗಣಿತದ ಆಸೆಯನ್ನೇ ಬಿಟ್ಟುಬಿಡ್ತಾರೆ. ಅಂಥವರಿಗಾಗಿ ನಾನು ಈ ಸಲ ನಮ್ಮ ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯರ ವಿಷಯ ಬರೆದಿದ್ದೇನೆ. ಜೈನ ತೀರ್ಥಂಕರ ಮಹಾವೀರರೇ ಬೇರೆ, ಇವರೇ ಬೇರೆ.

ಇವರಿದ್ದದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆತನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಕಾಲದಲ್ಲಿ. ಜೈನರಾದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಎಂಬ ಗ್ರಂಥ ಬರೆದರು. ಅದರಲ್ಲಿ ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಶ್ಲೋಕಗಳಿವೆ. ಅವರಿಗಿಂತ ಮುಂಚೆ ಗಣಿತವನ್ನು ಹೆಚ್ಚಾಗಿ ಗ್ರಹ ನಕ್ಷತ್ರಗಳ ಗ್ರಂಥದ ಒಂದು ಭಾಗವಾಗಿ ಬರೆಯುತ್ತಿದ್ದರು. ಇವರು ಗಣಿತಕ್ಕೇ ಇಡೀ ಗ್ರಂಥ ಮೀಸಲಿಟ್ಟರು. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವ ಕೆಲಸ, ಎಲ್ಲಕ್ಕೂ ಗಣಿತ ಬೇಕು ಎಂದು ಸಾರಿದರು.

ಪ್ಲಸ್ ಸಂಖ್ಯೆಗೆ ಅವರು ಧನ ಎಂದರು, ಮೈನಸ್ ಸಂಖ್ಯೆಗೆ ಋಣ ಎಂದರು. ಋಣ ಅಂದರೆ ಸಾಲ. ಚನ್ನಗಿರಿಯ ಮಂಡಿಗೆ ಒಬ್ಬರು 7 ಸಾವಿರದ ಅಡಿಕೆ ಹಾಕಿದರು ಅನ್ನಿ. ಮೊದಲೇ 5 ಸಾವಿರ ಮುಂಗಡ ತಂದಿದ್ದಾರೆ. ಕೈಗೆ ಬರೋದು 2 ಸಾವಿರ. ಮಹಾವೀರಾಚಾರ್ಯರ ನಿಯಮ ಇಷ್ಟೇ: ಕಳೆಯಬೇಕಾದ ಧನವನ್ನು ಋಣ ಮಾಡು, ಆಮೇಲೆ ಕೂಡು. ಹಾಗಾದರೆ ಕಳೆಯೋದು ಬೇರೆ ಲೆಕ್ಕವೇ ಅಲ್ಲ, ಸಾಲವನ್ನು ಕೂಡೋದು!

ಈಗಿನ ಕಂಪ್ಯೂಟರ್ ಕಳೆಯೋದೂ ಹೀಗೇ. ಅದಕ್ಕೆ ಗೊತ್ತಿರೋದು 0 ಮತ್ತು 1 ಮಾತ್ರ, ಮೈನಸ್ ಗುರುತು ಇಲ್ಲ. ನಾಲ್ಕು ಮನೆಯ ಲೆಕ್ಕ ನೋಡಿ. 7 ಅಂದರೆ 0111, 5 ಅಂದರೆ 0101. ಐದನ್ನು ಋಣ ಮಾಡಲು 0 ಇದ್ದಲ್ಲಿ 1, 1 ಇದ್ದಲ್ಲಿ 0 ಬರೆಯಬೇಕು: 1010. ಅದಕ್ಕೆ 1 ಕೂಡಿದರೆ 1011. ಇದೇ ಮೈನಸ್ 5. ಈಗ 0111ಕ್ಕೆ 1011 ಕೂಡಿ. 10010 ಬರುತ್ತೆ. ಇರೋದು ನಾಲ್ಕೇ ಮನೆ, ಆದ್ದರಿಂದ ಐದನೇ ಮನೆಗೆ ಹೋದ 1 ಬಿಟ್ಟುಹೋಗುತ್ತೆ. ಉಳಿದದ್ದು 0010, ಅಂದರೆ 2. ಮಂಡಿಯ ಲೆಕ್ಕವೇ ಬಂತು ನೋಡಿ! ಈ ಉಪಾಯಕ್ಕೆ ಎರಡರ ಪೂರಕ ಅಂತಾರೆ. ಕೂಡುವ ಯಂತ್ರ ಒಂದೇ ಇದ್ದರೆ ಎರಡೂ ಕೆಲಸ ಆಗುತ್ತೆ.

ಹಾಗಂತ ಕಂಪ್ಯೂಟರನ್ನು ನಮ್ಮವರೇ ಕಂಡುಹಿಡಿದರು ಅನ್ನೋದು ಸರಿಯಲ್ಲ. ಈ ಉಪಾಯವನ್ನು 1945ರಲ್ಲಿ ಜಾನ್ ವಾನ್ ನಾಯ್ಮನ್ ಎಂಬ ವಿಜ್ಞಾನಿ ತಮ್ಮ ವರದಿಯಲ್ಲಿ ಸೂಚಿಸಿದರು. ಧನ ಋಣಗಳ ನಿಯಮಗಳನ್ನೂ 628ರಲ್ಲೇ ಬ್ರಹ್ಮಗುಪ್ತರು ಹೇಳಿದ್ದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ ಮಹಾವೀರಾಚಾರ್ಯರ ಮಾತು ತಪ್ಪು. ಆದರೆ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದವರು ಅವರು. ಎಷ್ಟು ದೊಡ್ಡವರ ಮಾತಾದರೂ ಲೆಕ್ಕ ಮಾಡಿ ನೋಡಿಯೇ ಒಪ್ಪಬೇಕು.

ಅವರ ಗ್ರಂಥ 1912ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದೊಂದಿಗೆ ಬಂತು. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಹೊಂಬುಜ ಪಕ್ಕದ ಜಿಲ್ಲೆಯ ಊರು.

ಗೆಳೆಯರೇ, ಮೈನಸ್‌ಗೆ ಹೆದರಬೇಡಿ. ಇದೇ ರೀತಿ 6ರಲ್ಲಿ 1 ಕಳೆದು ನೋಡಿ. 0101 ಬಂದರೆ ನಿಮ್ಮ ಲೆಕ್ಕ ಸರಿ!