ಹಲಗಲಿಯ ಜಡಗ ಮತ್ತು ನನ್ನ ಏರ್‌ಗನ್

ಹೈಸ್ಕೂಲಿನ ರಜೆಯಲ್ಲಿ ನವನಗರದಿಂದ ಸೋದರಮಾವನ ಊರಿಗೆ ಹೋದಾಗಲೆಲ್ಲ ಏರ್‌ಗನ್ ಹೆಗಲಿಗೇರಿಸಿ ಕಲ್ಲುಗುಡ್ಡ ಹತ್ತುತ್ತಿದ್ದೆ. ನಳಿಗೆ ಬಗ್ಗಿಸಿ ಸ್ಪ್ರಿಂಗ್ ಬಿಗಿ ಮಾಡಿ, ಒಂದು ಛರ್ರೆ ಹಾಕಿ, ಬಂಡೆ ಮರೆಯಲ್ಲಿ ಕೌಜುಗಕ್ಕೆ ಕಾಯೋದು. ಲೈಸೆನ್ಸ್ ಬೇಕಿಲ್ಲದ ಬಂದೂಕು, ಭಯ ಯಾಕೆ ಅಂದ್ಕೊಂಡಿದ್ದೆ. ಒಂದಿನ ಮಾವ ಅದನ್ನು ಕಸಿದುಕೊಂಡು ಕೂರಿಸಿ, ಹಲಗಲಿಯ ಜಡಗನ ಕತೆ ಹೇಳಿದರು.

ಹಲಗಲಿ ನಮ್ಮ ಜಿಲ್ಲೆಯದೇ ಊರು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಜಡಗ ಅಲ್ಲಿನ ಬೇಡರವನು. ಬೇಟೆ ಅವರ ಕಸುಬು, ಆಯುಧ ಅವರ ಮರ್ಯಾದೆ. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಪರವಾನಗಿ ಇಲ್ಲದ ಆಯುಧವನ್ನೆಲ್ಲ ಒಪ್ಪಿಸಬೇಕಿತ್ತು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ಊರು ಆಯುಧ ಕೊಡಲಿಲ್ಲ.

ನವೆಂಬರ್ 29ರ ರಾತ್ರಿ ಕರ್ನಲ್ ಮಾಲ್ಕಮನ ಕುದುರೆ ಪಡೆ ಬಂತು. ಮರುದಿನ ಊರಿಗೆ ಬೆಂಕಿ ಬಿತ್ತು. ನೂರರಷ್ಟು ಜನ ಸತ್ತರು, 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಡಿಸೆಂಬರ್ 14ರಂದು ಹಲಗಲಿಯಲ್ಲೇ, ಊರವರ ಕಣ್ಣೆದುರು, ಜಡಗ ಮತ್ತು ಬಾಲ ಸೇರಿ ಆರು ಜನರನ್ನು ನೇಣಿಗೆ ಹಾಕಿದರು. ಅವರ ಕತೆಯನ್ನು ಉಳಿಸಿದ್ದು ಲಾವಣಿಕಾರರು.

ಇವತ್ತು ಜಡಗನನ್ನು ಸ್ವಾತಂತ್ರ್ಯ ಹೋರಾಟಗಾರ ಅಂತ ಎಲ್ಲ ಪಕ್ಷದವರೂ ಹಾಡಿ ಹೊಗಳ್ತಾರೆ. ತಪ್ಪೇನಿಲ್ಲ. ಆದರೆ ಅವನ ಜಗಳ ಶುರುವಾದದ್ದು ಅನ್ನದಿಂದ ಅನ್ನೋದನ್ನ ಮರೆಸ್ತಾರೆ. ನಮ್ಮನ್ನು ಕೇಳದೆ ನಮ್ಮ ಕಸುಬನ್ನು ಅಪರಾಧ ಮಾಡಿದವರು ಯಾರು ಎಂಬುದೇ ಅವನ ಪ್ರಶ್ನೆ.

ಹಾಗಂತ ನನ್ನ ಏರ್‌ಗನ್‌ಗೆ ಜಡಗನ ಹೆಸರು ಹೇಳೋ ಹಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ 20 ಜೌಲ್ ಮೀರದ .177 ಏರ್‌ಗನ್‌ಗೆ ಲೈಸೆನ್ಸ್ ಬೇಡ. ಆದರೆ ಅದರಿಂದ ಕೌಜುಗ, ಮೊಲ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನನಗೆ ಬೇಟೆ ರಜೆಯ ಮೋಜು, ಅವನಿಗೆ ಮನೆಯ ಒಲೆ. ಯಡಹಳ್ಳಿಯ ಚಿಂಕಾರ ಉಳಿಯಲೇಬೇಕು, ಕಾಯ್ದೆಯೂ ಬೇಕು. ಆದರೆ ಕಾಡು ಕಾಯುವ ಸಭೆಗಳಲ್ಲಿ ಹಲಗಲಿಯಂಥ ಊರಿನವರಿಗೆ ಕುರ್ಚಿ ಇದೆಯಾ? ಜಡಗನ ಜಯಕಾರ ಕೂಗುವ ಮುಂಚೆ ಅದನ್ನು ಕೇಳೋಣ.

ಆ ಏರ್‌ಗನ್ ಮಾವನ ಅಟ್ಟದಲ್ಲೇ ಇದೆ. ನಾನು ವಾಪಸ್ ಕೇಳಿಲ್ಲ.